ಅಕ್ಕನ ಮೊಣಕಾಲು ಮತ್ತು ನನ್ನ ಮಾನ

ಗೋವುಗಳ ಮಂದೆಯ ನಡುವೆ ನಿಂತು ನಮ್ಮ ಕುಲವನ್ನು ಕಾಯುತ್ತಿರುವ ಸ್ವಾಮಿಗೆ ಮೊದಲು ನಮಸ್ಕಾರ. ನೆಲಕ್ಕೆ ಊರಲು ಎರಡು ಪಾದಗಳನ್ನೂ, ಅವುಗಳ ಮೇಲೆ ಮಡಿಸಲು ಎರಡು ಮೊಣಕಾಲುಗಳನ್ನೂ ಕೊಟ್ಟು, ಅವು ನೋಯುವಾಗ ತನ್ನ ಹೆಸರನ್ನು ನೆನೆಯುವ ಬುದ್ಧಿಯನ್ನೂ ಕೊಟ್ಟವನು ಅವನೇ. ಈ ಕಣಿವೆಗೆ ನೀರು ತರುವ ಹೊಳೆಗೆ, ನನಗೆ ಅಕ್ಷರ ಕಲಿಸಿದ ಗುರುಗಳಿಗೆ, ಕನ್ನಡವನ್ನು ಗಂಟುಕಟ್ಟಿಕೊಂಡು ಈ ತಮಿಳು ಸೀಮೆಗೆ ಬಂದು ಆ ಗಂಟನ್ನು ದಾರಿಯಲ್ಲಿ ಬಿಸಾಡದೆ ನಮ್ಮ ಕೈಗೆ ಒಪ್ಪಿಸಿದ ಹಿರಿಯರಿಗೆ ನಾನು ಋಣಿ. ಇಷ್ಟು ಹೇಳಿ ವಿಷಯಕ್ಕೆ ಬರುತ್ತೇನೆ. ವಿಷಯ ಅಷ್ಟೇನೂ ಪವಿತ್ರವಾದದ್ದಲ್ಲ. ಆದಕಾರಣವೇ ಪೀಠಿಕೆ ಇಷ್ಟು ಪವಿತ್ರವಾಗಬೇಕಾಯಿತು.

ನನ್ನ ಅಕ್ಕನ ಮೊಣಕಾಲುಗಳಿಂದ ನನಗಾದಷ್ಟು ಅವಮಾನ ಈ ಲೋಕದಲ್ಲಿ ಯಾರ ನಾಲಿಗೆಯಿಂದಲೂ ಆಗಿಲ್ಲ!

ಮೊಣಕಾಲು ಒಬ್ಬರ ಮಾನ ಕಳೆಯಬಲ್ಲುದೇ ಎಂದು ನೀವು ಕೇಳಬಹುದು. ಬರಿದೇ ನೋಯುವ ಮೊಣಕಾಲಿನಿಂದ ಅದು ಸಾಧ್ಯವಿಲ್ಲ. ಅದು ಎಣ್ಣೆ ಹಚ್ಚಿಸಿಕೊಂಡು ಮನೆಯಲ್ಲಿ ಬಿದ್ದಿರುತ್ತದೆ. ನೋಯದ ಮೊಣಕಾಲಂತೂ ತನ್ನ ಪಾಡಿಗೆ ತಾನು ನಡೆದುಹೋಗುತ್ತದೆ. ಆದರೆ ನೋವಿನೊಂದಿಗೆ ಚೌಕಾಶಿಗೆ ಇಳಿಯುವ ಮೊಣಕಾಲು ಇದೆಯಲ್ಲ, ಅದು ಅಪಾಯಕಾರಿ! ಅದು ಬಸ್ ನಿಲ್ದಾಣದಲ್ಲಿ, ಸಭೆಯಲ್ಲಿ, ದೇವರ ಸನ್ನಿಧಿಯಲ್ಲಿ, ಎಲ್ಲೆಂದರಲ್ಲಿ ತನ್ನ ವ್ಯಾಪಾರ ಹೂಡುತ್ತದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ವೇದಸಂದೂರಿನ ಕಡೆಗೆ ಮದುವೆಯಾಗಿ ಹೋದವಳು. ಈಗ ದಿಂಡಿಗಲ್ಲಿನಲ್ಲಿ ಬೀಗದ ವ್ಯಾಪಾರ ಮಾಡುವ ಮಗನ ಮನೆಯಲ್ಲಿದ್ದಾಳೆ. ನಾನು ಕಂಬಂ ಕಣಿವೆಯ ನಮ್ಮ ಊರಿನಲ್ಲೇ ಉಳಿದವನು. ಬಾಲ್ಯದಲ್ಲಿ ಮೈಸೂರು ಸೀಮೆಯ ಒಂದು ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿತು ಬಂದು, ಮೇಷ್ಟರ ಕೆಲಸ ಮುಗಿಸಿ, ಈಗ ತೆಂಗಿನ ತೋಟವನ್ನೂ ದೇವರ ಪೂಜೆಯನ್ನೂ ನೋಡಿಕೊಂಡಿದ್ದೇನೆ. ಊರವರು ನನ್ನನ್ನು ‘ವಾದ್ಯಾರಯ್ಯ’ ಎನ್ನುತ್ತಾರೆ. ನಾಲ್ಕು ಜನರೆದುರು ಶ್ಲೋಕ ಹೇಳುವವನಿಗೆ ಒಂದು ಗಾಂಭೀರ್ಯ ಬೇಕು. ಅದನ್ನು ನಾನು ಪಂಚೆಯ ಹಾಗೆ ಒಗೆದು, ಗಂಜಿ ಹಾಕಿ, ಮಡಿಸಿ ಇಟ್ಟುಕೊಂಡಿದ್ದೆ. ಅಕ್ಕ ಬಂದು ಅದರ ಮೇಲೆ ಕುಳಿತಳು, ಎದ್ದಳು, ಮತ್ತೆ ಕುಳಿತಳು!

ಆಕೆ ಬಂದದ್ದು ಏಕೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ನನ್ನ ಮೊಮ್ಮಗಳು ಚೊಚ್ಚಲ ಬಸುರಿ. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸಿಗೆ ನೀರೆರೆಯುವವಳು ಮನೆಯ ಹಿರಿಯ ಹೆಂಗಸು. ಆಕೆ ಅಂಗೈ ಎತ್ತರದ ಮಣೆಯ ಮೇಲೆ ಕುಳಿತು, ಕಾಲುಗಳನ್ನು ನೀಳವಾಗಿ ಚಾಚಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ, ಬಿಸಿನೀರು ಹೊಯ್ಯಬೇಕು. ನನ್ನ ಮಕ್ಕಳೂ ಮೊಮ್ಮಕ್ಕಳೂ ಅಕ್ಕನ ಕಾಲುಗಳ ಮೇಲೆಯೇ ಮಿಂದವರು. ಬಸುರಿನ ಸುದ್ದಿ ಕೇಳಿದ ವಾರದಲ್ಲೇ ಆಕೆ ದಿಂಡಿಗಲ್ಲಿನಿಂದ ಬಂದಿಳಿದಳು. ಇಳಿದಳು ಎನ್ನುವುದು ಗೌರವದ ಮಾತು. ಬಸ್ಸಿನ ಮೆಟ್ಟಿಲಿನಿಂದ ಆಕೆಯನ್ನು ಕಂಡಕ್ಟರು ಮೇಲಿನಿಂದಲೂ ನಾನು ಕೆಳಗಿನಿಂದಲೂ ಹಿಡಿದು, ಬೀರುವನ್ನು ಇಳಿಸುವ ಹಾಗೆ ಇಳಿಸಿದೆವು.

“ಈ ಕೊಳಂದೆಗೂ ನಾನೇ ನೀರ್ ಉಯ್ಯೋದು” ಎಂದು ಘೋಷಿಸಿ, ಮಂಚದ ಮೇಲೆ ಕೂರಲು ಹೋಗಿ, “ಅಯ್ಯಯ್ಯೋ!” ಎಂದು ಅರ್ಧದಲ್ಲೇ ನಿಂತಳು.

ನಮ್ಮ ಮನೆಮಾತು ಶತಮಾನಗಳ ಹಿಂದೆ ಗಡಿ ದಾಟಿದ ಕನ್ನಡ. ದಾರಿಯಲ್ಲಿ ಹಕಾರವನ್ನು ಕಳೆದುಕೊಂಡು ಕೈತುಂಬ ತಮಿಳನ್ನು ಕಟ್ಟಿಕೊಂಡಿದೆ. ಕೂಸು ನಮಗೆ ಕೊಳಂದೆ, ನೋವು ವಲಿ, ತಮ್ಮ ತಂಬಿ. ಎಪ್ಪತ್ತು ದಾಟಿದ ಈ ವಾದ್ಯಾರಯ್ಯ ಅಕ್ಕನ ಬಾಯಲ್ಲಿ ಇಂದಿಗೂ ತಂಬಿಯೇ.

ಮೊಣಕಾಲಿನ ನೋವಿನ ಜೊತೆಗೆ ಆಕೆಗೆ ಹಿಮ್ಮಡಿಯ ನೋವೂ ಇತ್ತು. ಬೆಳಗಿನ ಮೊದಲ ಹೆಜ್ಜೆ ಮುಳ್ಳಿನ ಮೇಲಿಟ್ಟ ಹಾಗೆ. ಇದನ್ನೆಲ್ಲ ನೋಡಿದ ನನ್ನ ಸೊಸೆ, ಅಂದರೆ ಬಸುರಿಯ ತಾಯಿ, ಮೆಲ್ಲನೆ ಹೇಳಿದಳು: “ಅತ್ತೆ, ಈಗೆಲ್ಲ ಪ್ಲಾಸ್ಟಿಕ್ ಟಬ್ಬು ಬಂದಿದೆ. ಕೊಳಂದೆಯ ಅದರಾಗೆ ಮಲಗಿಸಿ ನೀರ್ ಉಯ್ದರೆ ಆಯ್ತು.”

“ಟಬ್ಬಿಗೆ ಕೈ ಇದೆಯಾ? ಕಾಲಿದೆಯಾ? ಕೊಳಂದೆ ಅತ್ತರೆ ಆಡಿಸೋಕೆ ಬಾಯಿದೆಯಾ?”

ಸೊಸೆ ಜಗ್ಗಲಿಲ್ಲ. “ಸರಿ ಅತ್ತೆ. ನೀವು ಮಣೆ ಮೇಲೆ ಕೂತು, ಯಾರ ಕೈನೂ ಇಡೀದೆ ಎದ್ದು ತೋರ್ಸಿ. ಎದ್ದರೆ ಕೊಳಂದೆ ನಿಮ್ಮ ಕಾಲಿಗೆ. ಇಲ್ಲಾಂದ್ರೆ ಟಬ್ಬಿಗೆ. ಬಿದ್ದುಗಿದ್ದರೆ ಎರಡು ಕೊಳಂದೆ ನೋಡೋಕೆ ನನ್ನ ಕೈಲಿ ಆಗಲ್ಲ.”

ಹೀಗೆ ಒಪ್ಪಂದವಾಯಿತು. ಮಂಚದ ಎತ್ತರದಿಂದ ಮಣೆಯ ಎತ್ತರಕ್ಕೆ ಇಳಿಯಲು ಅಕ್ಕನಿಗೆ ದೊರೆತ ಅವಧಿ, ಒಂದು ಜೀವ ಹೊಟ್ಟೆಯೊಳಗೆ ಬೆಳೆದು ಹೊರಬರುವಷ್ಟು.

ದಿಂಡಿಗಲ್ಲಿನಲ್ಲಿ ವ್ಯಾಯಾಮ ಹೇಳಿಕೊಡುವ ವೈದ್ಯೆಯೊಬ್ಬಳಲ್ಲಿಗೆ ಆಕೆಯನ್ನು ಕರೆದುಕೊಂಡು ಹೋದವನು ನಾನೇ. ಈ ಪುಣ್ಯಕಾರ್ಯಕ್ಕೆ ಇಷ್ಟು ಫಲವಿದೆಯೆಂದು ಆಗ ತಿಳಿದಿರಲಿಲ್ಲ! ಚಿಕ್ಕ ವಯಸ್ಸಿನ ಹುಡುಗಿ. ಕುಕ್ಕರುಗಾಲಿನವರೆಗೆ ಬಗ್ಗಿ ಏಳಿ ಎಂದಳು. ಅಕ್ಕ ಬಗ್ಗಿದಳು, ಕಿರುಚಿದಳು, “ಇದು ನನ್ನಿಂದ ಆಗೋದಲ್ಲಮ್ಮ, ಬತ್ತೀನಿ” ಎಂದು ಚೀಲ ಎತ್ತಿಕೊಂಡಳು.

ಆ ಹುಡುಗಿ ಚೀಲವನ್ನು ಕೆಳಗಿಡಿಸಿ, ತಮಿಳಿನಲ್ಲಿ, ಅಜ್ಜಿಯೆಂದು ಕರೆದು, ಮಗುವಿಗೆ ಹೇಳುವಂತೆ ಹೇಳಿದಳು: “ಪಾಟಿ, ವಲಿ ಬಂದರೆ ಬಿಟ್ಟುಬಿಡಬೇಡಿ. ಬದಲಾಯಿಸಿ. ಆಳಕ್ಕೆ ಬಗ್ಗಲಾಗದಿದ್ದರೆ ಎತ್ತರದ ಕುರ್ಚಿಯ ಮೇಲೆ ಕೂತು ಏಳಿ. ನಿಲ್ಲಲಾಗದಿದ್ದರೆ ಏನನ್ನಾದರೂ ಹಿಡಿದುಕೊಳ್ಳಿ. ಅದೂ ಆಗದಿದ್ದರೆ ಕೂತಲ್ಲೇ ಕಾಲು ಚಾಚಿ. ಕೀಲು ಚುಚ್ಚಿದರೆ ಕಡಿಮೆ ಮಾಡಿ. ತೊಡೆ ಉರಿದರೆ ಹೆದರಬೇಡಿ.”

‘ಬದಲಾಯಿಸಿ’ ಎನ್ನುವುದಕ್ಕೆ ಆ ಹುಡುಗಿ ಆಡಿದ ತಮಿಳು ಮಾತು ‘ಮಾತ್ತಿ ಮಾಡಿ’ ಎಂಬಂತೆ ಅಕ್ಕನ ಕಿವಿಯಲ್ಲಿ ನೆಲೆಯಾಯಿತು. ನಾನು ಗುರುಗಳಿಂದ ಪಡೆದ ಮಂತ್ರವನ್ನು ಅಷ್ಟು ಶ್ರದ್ಧೆಯಿಂದ ಜಪಿಸಿಲ್ಲ, ಆಕೆ ಇದನ್ನು ಜಪಿಸಿದಳು. “ಮಾತ್ತಿ ಮಾಡು, ತಂಬಿ! ಎಲ್ಲಾನೂ ಮಾತ್ತಿ ಮಾಡು!” ಮನೆಯಲ್ಲಿ ಮಾರ್ಪಾಡಾಗದ ವಸ್ತು ಉಳಿಯಲಿಲ್ಲ. ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ದಿಂಬು. ಅದರ ಮೇಲೆ ಕೂತು ಏಳುವುದು. ಅದು ಒಗ್ಗಿದ ಮೇಲೆ ದಿಂಬು ಹೋಯಿತು, ಆಮೇಲೆ ಹಾಸಿಗೆ ಹೋಯಿತು, ಕುರ್ಚಿ ಬಂತು, ಮೋಡ ಇಳಿಯುವ ಹಾಗೆ ಅಕ್ಕನ ಪೀಠ ದಿನೇ ದಿನೇ ಭೂಮಿಗೆ ಸಮೀಪಿಸಿತು. ಕುರ್ಚಿಗಿಂತ ತಗ್ಗಾದ ಒಂದು ಆಸನ ಬೇಕಾದಾಗ ಆಕೆಯ ಕಣ್ಣು ಒರಳಿನ ಮೇಲೆ ಬಿತ್ತು!

“ಅಕ್ಕ, ಒರಳ ಮೇಲೆ ಕೂರಬಾರದು. ಅನ್ನ ಕೊಡೋ ವಸ್ತು ಅದು.”

“ಸರಿ. ಇಮ್ಮಡಿ ಎಳೆಸೋಕೆ ಬೆರಳ ಊರಬೇಕಂತೆ. ಒಸ್ತಿಲ ಮೇಲೆ ಊರಲಾ?”

“ಅಯ್ಯೋ! ಹೊಸ್ತಿಲಲ್ಲಿ ಲಕ್ಷ್ಮಿ ಇದ್ದಾಳೆ!”

“ಅಲ್ಲೂ ಇದ್ದಾಳಾ? ಸರಿ ಬಿಡು. ನಿನ್ನ ನಿಘಂಟು ದಪ್ಪಗಿದೆ, ಅದನ್ನ ಕೊಡು.”

ನಿಘಂಟನ್ನು ಅಂದಿನಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಬೀಗವೂ ಆಕೆಯ ಮಗನ ಅಂಗಡಿಯದೇ!

ಆದರೆ ಬೀಗ ಹಾಕಲಾಗದ ಜಾಗಗಳೂ ಮನೆಯಲ್ಲಿರುತ್ತವೆ. ಹಿಮ್ಮಡಿಯ ನೋವಿಗೆ ಚೆನ್ನಾಗಿ ತಣ್ಣಗಾದ ನೀರಿನ ಬಾಟಲಿಯನ್ನು ಪಾದದ ಕೆಳಗೆ ಉರುಳಿಸಬೇಕೆಂದು ಆ ಹುಡುಗಿ ಹೇಳಿದ್ದಳು. ನಾನು ಸುರುಳಿಯ ಜಲಪಾತಕ್ಕೆ ಹೋಗಿ ಬಂದಾಗ ತಂದ ತೀರ್ಥವನ್ನು ಒಂದು ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೆ. ದಿನವೂ ಪೂಜೆಯ ಕೊನೆಗೆ ಅದರಿಂದ ಒಂದು ಉದ್ಧರಣೆ ಕಣ್ಣಿಗೊತ್ತಿ ಕುಡಿಯುವ ವ್ರತ. ಒಂದು ಮುಂಜಾನೆ ಪೂಜೆಗೆಂದು ಬಾಟಲಿಯನ್ನು ಹುಡುಕುತ್ತ ಹೋದರೆ, ಅದು ಪಡಸಾಲೆಯಲ್ಲಿ, ಅಕ್ಕನ ಬಲಗಾಲಿನ ಕೆಳಗೆ, ಹಿಂದಕ್ಕೂ ಮುಂದಕ್ಕೂ ಭಕ್ತಿಯಿಂದ ಉರುಳುತ್ತಿದೆ!

“ಎಷ್ಟು ದಿನದಿಂದ?” ಎಂದೆ.

“ಆ ಉಡುಗಿಯ ನೋಡಿ ಬಂದ ವಾರದಿಂದ. ಯಾಕೆ ತಂಬಿ, ಮುಕ ಇಂಗಾಯ್ತು? ತೀರ್ತ ಒಳಗೆ ಇತ್ತು. ಕಾಲು ಒರಗೆ ಇತ್ತು!”

ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿದೆಯೇ? ನಾನು ಬಹಳ ಹುಡುಕಿದೆ.

ಮನೆಯೊಳಗಿನ ನಾಚಿಕೆಯನ್ನು ಮನೆಯೊಳಗೇ ಮುಚ್ಚಿಡಬಹುದು. ತೇನಿಯ ಬಸ್ ನಿಲ್ದಾಣಕ್ಕೆ ಬಾಗಿಲಿಲ್ಲವಲ್ಲ! ಅಲ್ಲಿ ಒಮ್ಮೆ ಬಸ್ಸಿಗೆ ಕಾಯುವಾಗ, ಹೊತ್ತು ಹಾಳಾಗಬಾರದೆಂದು ಅಕ್ಕ ನನ್ನ ಭುಜ ಹಿಡಿದು ಹಿಮ್ಮಡಿಗಳನ್ನು ಎತ್ತಿ ಬೆರಳ ಮೇಲೆ ನಿಂತಳು, ಇಳಿದಳು, ಮತ್ತೆ ನಿಂತಳು. ಪಕ್ಕದಲ್ಲಿದ್ದ ಬಾಳೆಕಾಯಿಯ ಗೊನೆಯವನು, ಮುದುಕಿ ಏನನ್ನು ನೋಡುತ್ತಿದ್ದಾಳೆಂದು ತಾನೂ ಬೆರಳ ಮೇಲೆ ನಿಂತ. ಅವನನ್ನು ನೋಡಿ ಅವನ ಹಿಂದಿನವನು. ಸ್ವಲ್ಪ ಹೊತ್ತಿನಲ್ಲಿ ಬೋಡಿಗೆ ಹೋಗುವ ಬಸ್ಸಿನ ಸಾಲಿಗೆ ಸಾಲೇ ತುದಿಗಾಲಿನಲ್ಲಿ ಕತ್ತು ಚಾಚಿ ನಿಂತಿತು. “ಏನಪ್ಪಾ, ಯಾರು ಬರ್ತಿರೋದು? ಮಂತ್ರಿಯಾ?” ಎಂದು ಒಬ್ಬರು ನನ್ನನ್ನೇ ಕೇಳಿದರು. ನಾನು ನಮ್ಮದಲ್ಲದ ಬಸ್ಸನ್ನು ಹತ್ತಿಬಿಟ್ಟೆ.

ಇವೆಲ್ಲ ಚಿಲ್ಲರೆ. ಏಳನೆಯ ತಿಂಗಳಿನಲ್ಲಿ ಬಸುರಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ಬೀಗರು ಬಂದರು. ನಮ್ಮ ಮಾತಿನಲ್ಲಿ ಸಂಬಂದಿಗಳು. ಅವರೂ ನಮ್ಮ ಜನವೇ, ಕನ್ನಡದವರೇ. ಮರ್ಯಾದೆಗೆ ಹೆಸರಾದ ಮನೆತನ. ಹಿರಿಯರು ನಿಂತಿರುವಾಗ ಕಿರಿಯರು ಕುಳಿತಿರಬಾರದು ಎಂಬ ರೂಢಿ ನಮ್ಮಲ್ಲಿದೆ. ಅವರ ಮನೆಯಲ್ಲಿ ಅದು ರೂಢಿಯಲ್ಲ, ವ್ರತ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅಕ್ಕನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆವು. ಬೀಗರು ಚಾಪೆಗಳ ಮೇಲೆ ಕುಳಿತರು. ಅಕ್ಕ ಎದ್ದಳು. ಬೀಗರೆಲ್ಲ ಎದ್ದರು. ಅಕ್ಕ ಕುಳಿತಳು. ಅವರೂ ಕುಳಿತರು. ಅಕ್ಕ ಎದ್ದಳು!

ಆಕೆಯ ವ್ಯಾಯಾಮದ ಹೊತ್ತು ಅದು. ಶಾಸ್ತ್ರವಿರಲಿ, ಪ್ರಳಯವಿರಲಿ, ಹೊತ್ತು ತಪ್ಪಿಸುವವಳಲ್ಲ. ಬೀಗರ ಕಡೆಯ ದಪ್ಪನೆಯ ಮಾವನೊಬ್ಬರು ಮೂರನೆಯ ಸಲ ಏಳುವಾಗ ಗೋಡೆ ಹಿಡಿದರು. ಮತ್ತೊಬ್ಬರು ತಟ್ಟೆಯಲ್ಲಿದ್ದ ಚಿತ್ರಾನ್ನವನ್ನು ಎದೆಗೊತ್ತಿಕೊಂಡು ಎದ್ದರು. ನಾನು ಅಕ್ಕನ ಬಳಿ ಬಾಗಿ, “ಸಾಕು ಅಕ್ಕ, ಮಾನ ಹೋಗ್ತಿದೆ” ಎಂದು ಪಿಸುಗುಟ್ಟಿದೆ. ಆಕೆ ನಗುಮುಖದಿಂದ, “ಅವರ್ಗೂ ಒಳ್ಳೇದೇ ತಾನೇ” ಎಂದು ಎದ್ದಳು. ಆಗ ‘ಠಣ್’ ಎಂದು ಸದ್ದಾಯಿತು. ಆಕೆಯ ಸೀರೆಯ ಅಂಚಿನಿಂದ ಮುಷ್ಟಿಗಾತ್ರದ ದಿಂಡಿಗಲ್ ಬೀಗವೊಂದು ನೆಲಕ್ಕೆ ಬಿತ್ತು. ಕಾಲಿಗೆ ಭಾರ ಕಟ್ಟಿ ಎತ್ತಬೇಕೆಂದರೆ ಬೇರೆಯವರು ಮರಳಿನ ಚೀಲ ಕಟ್ಟುತ್ತಾರಂತೆ. ಈಕೆ ಮಗನ ಅಂಗಡಿಯ ಬೀಗವನ್ನು ಬಟ್ಟೆಯಲ್ಲಿ ಸುತ್ತಿ ಕಣಕಾಲಿಗೆ ಕಟ್ಟಿಕೊಂಡಿದ್ದಳು!

ಬೀಗಿತ್ತಿ ಬೀಗವನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು, ದನಿ ತಗ್ಗಿಸಿ ಕೇಳಿದರು: “ವಾದ್ಯಾರಯ್ಯ, ಇದು... ನಿಮ್ಮ ಮನೆ ಪಳೇ ಸಂಪ್ರದಾಯವಾ?”

ಇಲ್ಲಿ ನಮ್ಮ ಜನರ ಒಂದು ದೌರ್ಬಲ್ಯವನ್ನು ಹೇಳಬೇಕು. ಅಷ್ಟು ದೂರದಿಂದ ಅಷ್ಟು ಹಿಂದೆ ಬಂದವರಾದುದರಿಂದ, ದಾರಿಯಲ್ಲಿ ಏನನ್ನೋ ಮರೆತುಬಂದಿದ್ದೇವೆ ಎಂಬ ಅಳುಕು ನಮ್ಮೆಲ್ಲರಲ್ಲೂ ಇದೆ. ಒಂದು ಮನೆಯಲ್ಲಿ ವಿಚಿತ್ರವಾದ ಆಚಾರ ಕಂಡರೆ ನಮ್ಮವರು ನಗುವುದಿಲ್ಲ. ನಮ್ಮಲ್ಲಿ ಕಳೆದುಹೋದದ್ದು ಇವರಲ್ಲಿ ಉಳಿದಿದೆಯಲ್ಲ ಎಂದು ನಾಚುತ್ತಾರೆ. ಬೀಗಿತ್ತಿಯ ಮುಖದಲ್ಲಿ ಆ ನಾಚಿಕೆಯನ್ನು ಕಂಡೆ. ಮತ್ತು, ದೇವರೇ ಕ್ಷಮಿಸು, “ಹೌದಮ್ಮ, ಹಳೆಯದು” ಎಂದೆ.

“ಅದೇ ನೋಡು!” ಎಂದು ಅವರು ಗಂಡನತ್ತ ತಿರುಗಿದರು. “ಕೂತು ಏಳೋದು, ಕಾಲಿಗೆ ಬೀಗ. ನಮ್ಮ ಮನೇಲಿ ಎಲ್ಲಾ ಬಿಟ್ಟೋಗಿದೆ!”

ಅವರು ಹೊರಡುವಾಗ ತಮ್ಮ ಮನೆಗೂ ಅಂಥದೇ ಒಂದು ಬೀಗ ಬೇಕೆಂದು ಕೇಳಿ ತೆಗೆದುಕೊಂಡು ಹೋದರು. ಇನ್ನು ನೂರು ವರ್ಷಗಳ ನಂತರ ಯಾರಾದರೂ ಪಂಡಿತರು ಬಂದು, ನಮ್ಮ ಜನರ ಬಳೆಯ ಶಾಸ್ತ್ರದಲ್ಲಿ ಬೀಗದ ಸ್ಥಾನವೇನೆಂದು ಬರೆದರೆ ಆ ಪಾಪ ನನ್ನದು!

ಇದಾದ ಮೇಲೆ ನಾನು ಅಕ್ಕನೊಂದಿಗೆ ಹೊರಗೆ ಹೋಗಬಾರದೆಂದು ನಿಶ್ಚಯಿಸಿದ್ದೆ. ಆದರೆ ಸ್ವಾಮಿಗೆ ಹಾಲು ಒಪ್ಪಿಸುವ ದಿನ ಬಂತು. ನಮ್ಮ ಕುಲದ ಆ ಗುಡಿಯಲ್ಲಿ ವಿಗ್ರಹವಿಲ್ಲ; ಅಲ್ಲಿ ಸಾಕಿದ ಮಂದೆಯ ಪಟ್ಟದ ಹೋರಿಯೇ ದೇವರು. ಜನ ನೆರೆದಿತ್ತು. ನಾನು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದೆ. ಕಣ್ಣು ತೆರೆದಾಗ ಅಕ್ಕ ಗುಡಿಯ ಪಡಸಾಲೆಯ ಮರದ ಕಂಬಕ್ಕೆ ಬೆನ್ನು ಒತ್ತಿ, ಕುರ್ಚಿಯಿಲ್ಲದ ಕಡೆ ಕುರ್ಚಿಯಿದ್ದಂತೆ ಅರ್ಧ ಕುಳಿತು ನಿಂತಿದ್ದಾಳೆ. ಇದೂ ಆ ಹುಡುಗಿ ಕಲಿಸಿದ್ದೇ. ಅದರ ಗುಣವೇನೆಂದರೆ, ಸ್ವಲ್ಪ ಹೊತ್ತಿಗೆ ತೊಡೆ ಉರಿದು ಕಾಲು ನಡುಗತೊಡಗುತ್ತದೆ. ಕಾಲಿನಿಂದ ನಡುಕ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿತು. ಆಕೆಯ ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿತ್ತು, ಮುಡಿ ಬಿಚ್ಚಿತ್ತು.

“ಸಾಮಿ ಬಂದಿದೆ! ಪೆರಿಯಮ್ಮಂಗೆ ಸಾಮಿ ಬಂದಿದೆ!” ಎಂದು ಯಾರೋ ಕೂಗಿದರು.

ಉರುಮೆ ಬಾರಿಸುವವನು ಬಾರಿಸತೊಡಗಿದ. ಹೆಂಗಸರು ನಾಲಿಗೆ ಆಡಿಸಿ ಉಲುಲು ಎಂದು ಕೂಗಿದರು. ಪೂಜಾರಿ ಕರ್ಪೂರ ಹಚ್ಚಿಕೊಂಡು ಓಡಿಬಂದು ಕೈಮುಗಿದು ಕೇಳಿದರು: “ಸಾಮಿ, ಏನ್ ಕೊರತೆ ಆಯ್ತು? ಏನ್ ಬೇಕು, ಬಾಯಿ ಬಿಟ್ಟು ಕೇಳು!”

ಅಕ್ಕ ಕಣ್ಣು ಮುಚ್ಚಿಕೊಂಡೇ, ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು: “ಕುರ್ಚಿ!”

ಕುರ್ಚಿ ಬಂತು. ಸ್ವಾಮಿ ಕುಳಿತು, “ಅಪ್ಪಾ!” ಎಂದಿತು. ಜನ ಅಡ್ಡಬಿದ್ದರು. ನಾನು ಏನು ಮಾಡಲಿ? ನಿಜ ಹೇಳಿದರೆ ಅಕ್ಕನ ಮಾನ ಹೋಗುತ್ತದೆ. ಹೇಳದಿದ್ದರೆ ದೇವರೆದುರು ಸುಳ್ಳಾಗುತ್ತದೆ. ಎರಡಕ್ಕೂ ನಾಚಿ, ಪಟ್ಟದ ಹೋರಿಯ ಮುಖ ನೋಡಲಾರದೆ ನೆಲ ನೋಡುತ್ತ ನಿಂತೆ. ಆ ಕೆಂಪು ಪ್ಲಾಸ್ಟಿಕ್ ಕುರ್ಚಿ ಈಗಲೂ ಆ ಕಂಬದ ಪಕ್ಕದಲ್ಲಿದೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಕಾಲು ನೋಯುವ ಮುದುಕರು ಅದರ ಸುತ್ತ ನೆಲದ ಮೇಲೆ ಕುಳಿತಿರುತ್ತಾರೆ. ಸ್ವಾಮಿಯ ಕುರ್ಚಿಯ ಮೇಲೆ ಕೂರಲು ಯಾರಿಗೆ ಧೈರ್ಯ!

ದಾರಿಯಲ್ಲಿ ಬೈದೆ. ದೇವರ ವಿಷಯದಲ್ಲೂ ಹೀಗೆಯೇ ಎಂದೆ. ಆಕೆ ಶಾಂತಳಾಗಿ, “ಸಾಮಿ ತಪ್ಪು ತಿಳಿಯಲ್ಲ, ತಂಬಿ. ಅದಕ್ಕೆ ನಾಲ್ಕು ಕಾಲು. ನಂಗೆ ಎರಡೇ ಅಂತ ಅದಕ್ಕೆ ಗೊತ್ತು” ಎಂದಳು.

ಮಗು ಹುಟ್ಟಿತು. ಹೆಣ್ಣು. ಹೊಕ್ಕುಳ ಬಳ್ಳಿ ಉದುರಿ, ಕಾಲಿನ ಮೇಲೆ ನೀರೆರೆಯುವ ದಿನ ಬಂತು. ಬೀಗರು ಬಂದರು, ಬರುವಾಗ ಉಡುಗೊರೆಯಾಗಿ ನೀಲಿ ಬಣ್ಣದ ಟಬ್ಬನ್ನೇ ತಂದರು. ಅವರಿಗೆ ನಮ್ಮ ಮನೆಯ ಒಪ್ಪಂದ ತಿಳಿಯದು. ಅಕ್ಕ ಅದರತ್ತ ಒಮ್ಮೆ ನೋಡಿ, ಮಡಿಯುಟ್ಟು, ಹಿತ್ತಿಲ ಬಚ್ಚಲಿಗೆ ನಡೆದಳು. ಕಲ್ಲು ಹಾಸಿದ, ಮೇಲೆ ಸೂರಿಲ್ಲದ ಬಚ್ಚಲು ನಮ್ಮದು. ನಡುವೆ ಮಣೆ. ಎಲ್ಲರೂ ಸುತ್ತ ನಿಂತರು. ಅಕ್ಕ ಒಂದು ಕಾಲನ್ನು ಮುಂದಿಟ್ಟು, ಮೆಲ್ಲಗೆ, ಯಾರ ಕೈಯನ್ನೂ ಹಿಡಿಯದೆ, ತಿಂಗಳುಗಟ್ಟಲೆ ಇಳಿದ ಹಾದಿಯ ಕೊನೆಯ ಮೆಟ್ಟಿಲನ್ನೂ ಇಳಿದು ಮಣೆಯ ಮೇಲೆ ಕುಳಿತಳು. ನನ್ನ ಸೊಸೆಯ ಬಾಯಿಂದ “ಅಮ್ಮಾ!” ಎಂಬ ಉದ್ಗಾರ ಬಂತು.

ಅಕ್ಕ ಕಾಲು ಚಾಚಿದಳು. ಚಾಚಿದೊಡನೆ ಬೆನ್ನು ಹಿಂದಕ್ಕೆ ವಾಲಿತು. ಕೈಯೂರಿ ಸಾವರಿಸಿಕೊಂಡಳು. ಮತ್ತೆ ಚಾಚಿದಳು, ಮತ್ತೆ ವಾಲಿದಳು. ಕೂರುವುದನ್ನು ಕಲಿತಿದ್ದಳು, ಏಳುವುದನ್ನು ಕಲಿತಿದ್ದಳು. ಕಾಲು ನೀಡಿ, ಎರಡೂ ಕೈಗಳನ್ನು ಕೂಸಿಗೆ ಕೊಟ್ಟು, ಒರಗಿಲ್ಲದೆ ಕೂರುವುದನ್ನು ಯಾರೂ ಕಲಿಸಿರಲಿಲ್ಲ. ಗೋಡೆ ದೂರ. ಕುರ್ಚಿ ತಂದು ಹಿಂದಿಟ್ಟರೆ ಒದ್ದೆ ಕಲ್ಲಿನ ಮೇಲೆ ಜಾರಿತು. ಸೊಸೆಯದು ಗೆದ್ದವಳ ಮುಖವಲ್ಲ. ಒಳಗೆ ಹೋಗಿ ಟಬ್ಬನ್ನು ಎತ್ತಿಕೊಂಡು ಬಂದಳು.

ಅಕ್ಕ ಕಾಲುಗಳನ್ನು ಮಡಿಸಿ, ಸೀರೆಯ ಅಂಚನ್ನು ಎಳೆದು ಪಾದಗಳನ್ನು ಮುಚ್ಚಿಕೊಂಡಳು. ತಲೆ ತಗ್ಗಿಸಿದಳು. ಅಷ್ಟು ತಿಂಗಳು ಊರೂರಿನಲ್ಲಿ ನನ್ನ ಮಾನ ಕಳೆದ ಆ ಮುಖದಲ್ಲಿ ಒಮ್ಮೆಯೂ ನಾಚಿಕೆಯನ್ನು ಕಂಡಿರಲಿಲ್ಲ. ಆಗ ಕಂಡೆ. ಅದನ್ನು ನೋಡಿ ನಿಲ್ಲುವುದು ನನ್ನಿಂದಾಗಲಿಲ್ಲ.

ನಾನು ಅಂದು ಜರಿಯಂಚಿನ ಪಂಚೆ ಉಟ್ಟಿದ್ದೆ. ಹಾಗೆಯೇ ಬಚ್ಚಲಿಗಿಳಿದು, ಅಕ್ಕನ ಹಿಂದೆ ಒದ್ದೆ ಕಲ್ಲಿನ ಮೇಲೆ, ಆಕೆಗೆ ಬೆನ್ನು ಮಾಡಿ ಕುಳಿತೆ. ನನ್ನ ಮೊಣಕಾಲುಗಳು ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿಯೇ ಹೇಳಿದವು. ಆಕೆಯ ಬೆನ್ನಿಗೆ ನನ್ನ ಬೆನ್ನನ್ನು ಕೊಟ್ಟೆ.

“ಯಾರದು?”

“ನಾನು, ಅಕ್ಕ. ಒರಗು.”

“ಎದ್ದೋಗು ತಂಬಿ. ಸಂಬಂದಿಗಳು ನೋಡ್ತವ್ರೆ.”

“ನೋಡಲಿ. ಕಾಲು ಚಾಚು.”

ಆಕೆ ಒರಗಿದಳು. ಅಷ್ಟು ಹಗುರಾಗಿದ್ದಾಳೆಂದು ನನಗೆ ತಿಳಿದಿರಲಿಲ್ಲ. ಸೊಸೆ ಟಬ್ಬನ್ನು ಅಲ್ಲೇ ಇಟ್ಟು, ಒಳಗಿನಿಂದ ಮಗುವನ್ನು ತಂದು ಅಕ್ಕನ ಕಾಲುಗಳ ಮೇಲೆ ಮಲಗಿಸಿದ್ದು ನನಗೆ ಕಾಣಲಿಲ್ಲ, ಬೆನ್ನಿಗೆ ತಿಳಿಯಿತು. ನನ್ನೆದುರಿಗಿದ್ದವರು ಬೀಗರು ಮಾತ್ರ. ಬಿಸಿನೀರು ಹರಿದುಬಂದು ನನ್ನ ಪಂಚೆಯನ್ನು ತೋಯಿಸಿತು, ಸೀಗೆಯ ನೊರೆ ಸುತ್ತಿತು. ಅವರೆಲ್ಲರ ಎದುರಿಗೆ ವಾದ್ಯಾರಯ್ಯನಾದ ನಾನು ಕೊಚ್ಚೆಯಲ್ಲಿ ಕುಳಿತ ಬಾತುಕೋಳಿಯ ಹಾಗೆ ಕುಳಿತಿದ್ದೆ. ಮಗು ಕಿರುಚಿತು, ಆಮೇಲೆ ಅಕ್ಕನ ಅಂಗೈಯ ಸದ್ದು, ಎಣ್ಣೆ ನೀವುವ ಸದ್ದು, ಆಮೇಲೆ ಮಗುವಿನ ಅಳು ತಾನಾಗಿ ಇಳಿಯಿತು. ಕಲ್ಲು ಒತ್ತಿದ್ದರಿಂದ ನಾನು ಸ್ವಲ್ಪ ಮಿಸುಕಾಡಿದೆ.

“ಆಡಬೇಡ, ಶುಮ್ಮ ಕೂತ್ಕೋ” ಎಂದು ಗದರಿ, ನೀರು ಮೊಗೆಯುತ್ತಲೇ ಅಂದಳು: “ನೀನ್ ಅಂದೂ ಇಂಗೇ. ನೀರ್ ಉಯ್ಯೋಕೆ ಮುಂದೇ ಒದೀತಿದ್ದೆ.”

ನಾನು ಹುಟ್ಟಿದಾಗ ತಾಯಿಗೆ ಬಾಣಂತಿ ಜ್ವರ ಬಂದು, ಬಹುಕಾಲ ಏಳಲಾಗಲಿಲ್ಲವೆಂದು ಕೇಳಿ ಬಲ್ಲೆ. ಕೂಸಿಗೆ ಯಾರು ನೀರೆರೆದರೆಂದು ಎಪ್ಪತ್ತು ವರ್ಷ ನಾನು ಕೇಳಿರಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಮಣೆಯ ಮೇಲೆ ಕುಳಿತು ಕಾಲು ಚಾಚಿದ್ದಳು. ಆ ಕಾಲುಗಳು ಆಗ ಎಷ್ಟು ಉದ್ದವಿದ್ದಾವು? ನಾನು ಅವುಗಳ ಮೇಲೆ ಹಿಡಿಸಿದೆನಾದರೂ ಹೇಗೆ? ಈ ಮೊಣಕಾಲುಗಳ ಮೇಲೆ ಮಿಂದವರಲ್ಲಿ ಮೊದಲನೆಯವನು ನಾನು.

ನನ್ನ ಕಣ್ಣು ಒದ್ದೆಯಾದದ್ದು ಬೀಗರಿಗೆ ತಿಳಿಯಲಿಲ್ಲ. ಎಲ್ಲವೂ ಒದ್ದೆಯಾಗಿತ್ತಲ್ಲ.

ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟ ಮೇಲೆ, ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು, ಪಾದಗಳನ್ನೂರಿ, ಒಬ್ಬರನ್ನೊಬ್ಬರು ನೂಕಿಕೊಂಡು ಎದ್ದೆವು. ಯಾರ ಕೈಯನ್ನೂ ಹಿಡಿಯದೆ ಏಳಬೇಕೆಂಬುದು ಒಪ್ಪಂದ. ಬೆನ್ನಿನ ಮಾತು ಅದರಲ್ಲಿ ಇರಲಿಲ್ಲ. ಸೊಸೆ ಅದನ್ನು ಎತ್ತಲೂ ಇಲ್ಲ. ಅವಳು ಸೆರಗಿನಿಂದ ಅಕ್ಕನ ಪಾದಗಳನ್ನು ಒರೆಸುತ್ತಿದ್ದಳು.

ಈ ಕಥೆಯಲ್ಲಿ ಪಾಲುಗೊಂಡ ಎಲ್ಲರಿಗೂ ಸ್ವಾಮಿ ಒಳ್ಳೆಯದನ್ನು ಮಾಡಲಿ. ಬಿಡಬೇಡಿ ಎಂದು ಹೇಳಿದ ಆ ವೈದ್ಯೆ ಹುಡುಗಿಯ ಕೈಗುಣ ಹೆಚ್ಚಲಿ. ಮರ್ಯಾದೆಯಿಂದ ಎದ್ದೆದ್ದು ಕುಳಿತ ಬೀಗರ ಕೀಲುಗಳು ಗಟ್ಟಿಯಾಗಿರಲಿ. ಸೊಸೆಯ ಮಾತು ನೇರವಾಗಿಯೇ ಇರಲಿ. ಹಸುಗೂಸು ನೂರು ವರ್ಷ ನಡೆದಾಡಲಿ. ಅಕ್ಕನ ಬೆಳಗಿನ ಮೊದಲ ಹೆಜ್ಜೆಯ ಕೆಳಗೆ ನೆಲ ಮೆತ್ತಗಿರಲಿ. ಇದನ್ನು ಓದಿದ ನಿಮ್ಮ ಕಾಲುಗಳಿಗೆ ಬಲವಿರಲಿ. ಬಲ ಸಾಲದೆ ವಾಲಿದಾಗ, ಹಿಂದೊಂದು ಬೆನ್ನಿರಲಿ.